ವಿಳಾಸ ಬೇರೆ, ಫೈಲಿನ ದಾರಿ ಬೇರೆ

ಬ್ರೌಸರಿನ ಮೇಲ್ಪಟ್ಟಿಯಲ್ಲಿ ಕಾಣುವ ಜಾಲವಿಳಾಸವು, ಅಂದರೆ ಯುಆರ್‌ಎಲ್, ಎಲ್ಲೋ ಇರುವ ಕಂಪ್ಯೂಟರೊಂದರ ಫೋಲ್ಡರು ಮತ್ತು ಫೈಲುಗಳ ಹೆಸರನ್ನೇ ತೋರಿಸುತ್ತದೆ ಎಂಬ ನಂಬಿಕೆ ಸಾಮಾನ್ಯ ಬಳಕೆದಾರರಲ್ಲಿ ಮಾತ್ರವಲ್ಲದೆ ಜಾಲತಾಣಗಳನ್ನು ನಿರ್ವಹಿಸುವ ಹಲವರಲ್ಲಿಯೂ ಬೇರೂರಿದೆ. ವಿಳಾಸದ ಮೊದಲ ಭಾಗ ಸರ್ವರನ್ನು ಗುರುತಿಸುತ್ತದೆ, ಅದರ ಮುಂದಿನ ಓರೆಗೆರೆಯ ನಂತರದ ಭಾಗ ಆ ಸರ್ವರಿನಿಂದ ಏನು ಬೇಕೆಂಬುದನ್ನು ಹೇಳುತ್ತದೆ. ಆದರೆ ಈ ಎರಡನೆಯ ಭಾಗಕ್ಕೆ ಏನರ್ಥವೆಂದು ನಿರ್ಧರಿಸುವ ಅಧಿಕಾರ ಪೂರ್ತಿಯಾಗಿ ಸರ್ವರಿನದು. ಆ ಹೆಸರಿನ ಫೈಲನ್ನು ಹುಡುಕಿ ಕೊಡಬಹುದು, ಒಂದು ಪ್ರೋಗ್ರಾಮನ್ನು ಓಡಿಸಿ ಅದರ ಉತ್ತರವನ್ನು ಕೊಡಬಹುದು, ಬೇರೆ ಸರ್ವರಿನಿಂದ ತಂದು ಕೊಡಬಹುದು. ಈ ಅಧಿಕಾರವನ್ನು ನಿಯಮಗಳ ರೂಪದಲ್ಲಿ ಬರೆದಿಡುವ ಕೆಲಸವೇ ಯುಆರ್‌ಎಲ್ ರೀರೈಟಿಂಗ್, ಅಂದರೆ ವಿಳಾಸದ ಮರುಬರಹ. ಇದರಲ್ಲಿ ಎದುರಾಗುವ ತೊಡಕುಗಳನ್ನು ಕೆದಕಿ ನೋಡಿದರೆ ಬಹುಪಾಲು ಎಲ್ಲದರ ಬುಡದಲ್ಲಿಯೂ ವಿಳಾಸವನ್ನು ಫೈಲಿನ ದಾರಿಯೆಂದು ತಿಳಿಯುವ ಈ ಹಳೆಯ ಗೊಂದಲವೇ ಸಿಗುತ್ತದೆ.

ಗೊಂದಲಕ್ಕೆ ಕಾರಣವಿಲ್ಲದೆ ಇಲ್ಲ. 1990ರ ದಶಕದ ಆರಂಭದಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ರೂಪಿಸಿದಾಗ ಪುಟಗಳೆಂದರೆ ನಿಜವಾಗಿಯೂ ಫೈಲುಗಳೇ ಆಗಿದ್ದವು, ವಿಳಾಸದ ದಾರಿಯನ್ನು ಡಿಸ್ಕಿನ ದಾರಿಗೆ ಹೊಂದಿಸುವುದು ಅತ್ಯಂತ ಸುಲಭದ ಏರ್ಪಾಡಾಗಿತ್ತು. ಆದರೂ ಸರ್ನ್‌ನ ಸರ್ವರ್ ತಂತ್ರಾಂಶದಲ್ಲಿಯೇ ಮ್ಯಾಪ್, ಪಾಸ್, ಫೇಲ್ ಎಂಬ ಆದೇಶಗಳಿದ್ದು, ಕೇಳಿದ ಹೆಸರನ್ನು ಬೇರೆ ಹೆಸರಿಗೆ ಹೊಂದಿಸುವುದಕ್ಕೂ ಕೆಲವನ್ನು ನಿರಾಕರಿಸುವುದಕ್ಕೂ ಅವಕಾಶವಿತ್ತು. ಹೆಸರೂ ಫೈಲೂ ಒಂದೇ ಅಲ್ಲವೆಂಬ ಅರಿವು ವೆಬ್ಬಿನಷ್ಟೇ ಹಳೆಯದು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ಸರ್ವರ್ ಮೂಲಕ ಸಿಜಿಐ ಎಂಬ ವಿಧಾನ ಬಂದು, ಕೋರಿಕೆ ಬಂದಾಗ ಪ್ರೋಗ್ರಾಮೊಂದನ್ನು ಓಡಿಸಿ ಪುಟವನ್ನು ಆ ಕ್ಷಣದಲ್ಲಿಯೇ ಸಿದ್ಧಪಡಿಸುವ ಪದ್ಧತಿ ಶುರುವಾದ ಮೇಲೆ ವಿಳಾಸಗಳ ರೂಪ ಕೆಟ್ಟಿತು. ಪ್ರಶ್ನಾರ್ಥಕ ಚಿಹ್ನೆ, ಅದರ ನಂತರ ಸಮ ಚಿಹ್ನೆಗಳಿಂದ ಕೂಡಿದ ಅಂಕಿಗಳ ಸಾಲು, ಅದಕ್ಕೂ ಮುಂಚೆ ಪರ್ಲ್, ಎಎಸ್‌ಪಿ, ಪಿಎಚ್‌ಪಿ ಮುಂತಾದ ಭಾಷೆಯ ಗುರುತು. ಒಳಗಿನ ಯಂತ್ರದ ವಿವರಗಳೆಲ್ಲ ಹೀಗೆ ಓದುಗರ ಕೈಗೆ ಬಂದವು. ಯಂತ್ರವನ್ನು ಬದಲಿಸಿದ ದಿನ, ಓದುಗರು ಗುರುತು ಹಾಕಿಕೊಂಡಿದ್ದ, ಬೇರೆಯವರು ಕೊಂಡಿ ಕೊಟ್ಟಿದ್ದ ವಿಳಾಸಗಳೆಲ್ಲ ಸತ್ತವು.

ಬರ್ನರ್ಸ್-ಲೀ 1998ರಲ್ಲಿ ಬರೆದ ಒಂದು ಟಿಪ್ಪಣಿಯ ವಾದವೂ ಇದೇ. ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನ ಅವನ್ನು ಬದಲಿಸುತ್ತಾರೆ. ಆದ್ದರಿಂದ ಬರೆದವರ ಹೆಸರು, ಫೈಲಿನ ಕೊನೆಯ ವಿಸ್ತರಣೆ, ಬಳಸಿದ ತಂತ್ರಾಂಶ, ಡಿಸ್ಕಿನ ಹೆಸರು ಮುಂತಾಗಿ ನಾಳೆ ಬದಲಾಗಬಹುದಾದ ಯಾವುದನ್ನೂ ವಿಳಾಸದಲ್ಲಿ ಸೇರಿಸಬಾರದು ಎಂಬುದು ಅವರ ನಿಲುವು. ಈ ಸಲಹೆಯನ್ನು ಪಾಲಿಸುವುದಕ್ಕೆ ಬೇಕಾದ ಉಪಕರಣ ಆ ವೇಳೆಗೆ ಸಿದ್ಧವಾಗಿತ್ತು. ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1996ರ ಏಪ್ರಿಲ್‌ನಲ್ಲಿ ಅಪಾಚೆ ವೆಬ್ ಸರ್ವರಿಗಾಗಿ ಮಾಡ್-ರೀರೈಟ್ ಎಂಬ ಘಟಕವನ್ನು ಬರೆದು, 1997ರ ಜುಲೈನಲ್ಲಿ ಅದನ್ನು ಅಪಾಚೆ ಬಳಗಕ್ಕೆ ಕೊಡುಗೆಯಾಗಿ ಕೊಟ್ಟರು. ಅದರ ಶಕ್ತಿಯ ಬಗ್ಗೆ ಮೆಚ್ಚುಗೆಯೂ ಭಯವೂ ಮೊದಲಿನಿಂದಲೇ ಜೊತೆಯಾಗಿದ್ದವು. ಅಪಾಚೆಯ ಸಂಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಬೆಲೆನ್‌ಡಾರ್ಫ್ ಈ ಘಟಕವನ್ನು, ಜಟಿಲತೆಗೆ ಕುಖ್ಯಾತವಾಗಿದ್ದ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕೆ ಹೋಲಿಸಿ, ಅದರ ಗುಣವೂ ದೋಷವೂ ಅದೇ ಹೋಲಿಕೆಯೆಂದು ಆಡಿದ ತಮಾಷೆಯ ಮಾತನ್ನು ಅಪಾಚೆಯ ಕೈಪಿಡಿಯೇ ಬಹುಕಾಲ ಅಚ್ಚು ಹಾಕಿಕೊಂಡಿತ್ತು.

ಒಂದು ನಿಯಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. (ನಿಜವಾದ ಕಾನ್ಫಿಗರೇಷನ್ ಫೈಲಿನಲ್ಲಿ ಆದೇಶಗಳು ರೋಮನ್ ಲಿಪಿಯಲ್ಲಿರುತ್ತವೆ, ಇಲ್ಲಿ ಓದಿಗಾಗಿ ಕನ್ನಡ ಲಿಪಿಗೆ ತರಲಾಗಿದೆ.)

ರೀರೈಟ್‌ರೂಲ್ ^ಲೇಖನ/([0-9]+)$ /ಇಂಡೆಕ್ಸ್.ಪಿಎಚ್‌ಪಿ?ಐಡಿ=$1 [ಎಲ್]

ಮೊದಲನೆಯದು ಆದೇಶ, ಎರಡನೆಯದು ಮಾದರಿ, ಮೂರನೆಯದು ಗುರಿ, ಚೌಕ ಆವರಣದೊಳಗಿನದು ಫ್ಲ್ಯಾಗ್ ಎಂಬ ಸೂಚನೆ. ಮಾದರಿಯನ್ನು ಬರೆದಿರುವುದು ರೆಗ್ಯುಲರ್ ಎಕ್ಸ್‌ಪ್ರೆಷನ್ ಅಥವಾ ಚಿಕ್ಕದಾಗಿ ರೆಜೆಕ್ಸ್ ಎಂಬ ಸಂಕೇತ ಭಾಷೆಯಲ್ಲಿ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ರೂಪಿಸಿದ ಈ ಕಲ್ಪನೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯ ಹುಡುಕುವ ಕೆಲಸಕ್ಕೆ ತಂದರು. ಟೋಪಿಯಾಕಾರದ ಚಿಹ್ನೆ ಆರಂಭವನ್ನೂ ಡಾಲರ್ ಚಿಹ್ನೆ ಅಂತ್ಯವನ್ನೂ ಸೂಚಿಸುತ್ತವೆ, ಚೌಕದೊಳಗಿನ 0-9 ಯಾವುದಾದರೂ ಒಂದು ಅಂಕಿಯೆಂದೂ ಅದರ ಮುಂದಿನ ಕೂಡಿಸುವ ಚಿಹ್ನೆ ಅಂಥವು ಒಂದು ಅಥವಾ ಹೆಚ್ಚು ಎಂದೂ ಹೇಳುತ್ತವೆ, ದುಂಡು ಆವರಣವು ಒಳಗೆ ಸಿಕ್ಕದ್ದನ್ನು ಎತ್ತಿಟ್ಟುಕೊಳ್ಳುತ್ತದೆ, ಗುರಿಯಲ್ಲಿರುವ ಡಾಲರ್ 1 ಆ ಎತ್ತಿಟ್ಟದ್ದನ್ನು ಅಲ್ಲಿ ತಂದಿಡುತ್ತದೆ. ಹೀಗೆ ಓದುಗರು 'ಲೇಖನ/482' ಎಂದು ಕೇಳಿದರೆ ಒಳಗೆ ಇಂಡೆಕ್ಸ್ ಪ್ರೋಗ್ರಾಮು 482ನೆಯ ಲೇಖನವನ್ನು ಸಿದ್ಧಪಡಿಸುತ್ತದೆ. ಆರಂಭ ಅಂತ್ಯಗಳ ಗುರುತನ್ನು ಬಿಟ್ಟರೆ 'ಹಳೆಯ-ಲೇಖನ/482-ಪ್ರತಿಕ್ರಿಯೆ' ಎಂಬ ವಿಳಾಸವೂ ಅದೇ ನಿಯಮದ ಬಲೆಗೆ ಬೀಳುತ್ತದೆ. ಹೊಸಬರ ನಿಯಮಗಳು ಅನಿರೀಕ್ಷಿತವಾಗಿ ವರ್ತಿಸುವುದಕ್ಕೆ ಅತಿ ಸಾಮಾನ್ಯ ಕಾರಣ ಇದು.

ಮೇಲಿನ ನಿಯಮದಲ್ಲಿ ನಡೆದದ್ದು ಒಳಗಿನ ಬದಲಾವಣೆ. ಬ್ರೌಸರಿಗೆ ಅದರ ಸುಳಿವೂ ಇಲ್ಲ. ಇದಕ್ಕೆ ಬದಲಾಗಿ ರೀಡೈರೆಕ್ಟ್ ಎಂಬ ಇನ್ನೊಂದು ಕ್ರಮದಲ್ಲಿ ಸರ್ವರು ಪುಟವನ್ನು ಕೊಡದೆ, ಬೇರೊಂದು ವಿಳಾಸವನ್ನು ಬ್ರೌಸರಿಗೆ ತಿಳಿಸಿ ಅಲ್ಲಿ ಕೇಳೆಂದು ಕಳಿಸುತ್ತದೆ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಅರ್ಜಿ ಪಡೆದ ಗುಮಾಸ್ತ ತಾನೇ ಒಳಗೆ ಹೋಗಿ ಬೇರೆ ಕೊಠಡಿಯಿಂದ ಪಹಣಿ ತಂದುಕೊಡುವುದಕ್ಕೂ, ಆರನೆಯ ಕೌಂಟರಿಗೆ ಹೋಗಿ ಎಂದು ಅರ್ಜಿದಾರರನ್ನೇ ಕಳಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ರೀಡೈರೆಕ್ಟಿನಲ್ಲಿ ಸರ್ವರು ಕಳಿಸುವ ಸಂಖ್ಯೆಗೆ ಮಹತ್ವವಿದೆ: 301 ಎಂದರೆ ಶಾಶ್ವತ ಸ್ಥಳಾಂತರ, 302 ಎಂದರೆ ತಾತ್ಕಾಲಿಕ. ಫಾರಂ ತುಂಬಿ ಕಳಿಸಿದ ಮಾಹಿತಿಯನ್ನು ಈ ಎರಡೂ ಸಂಕೇತಗಳಲ್ಲಿ ಬ್ರೌಸರುಗಳು ದಾರಿಯಲ್ಲಿ ಕೈಬಿಡುವ ರೂಢಿಯಿದ್ದುದರಿಂದ, ಕೋರಿಕೆಯ ಸ್ವರೂಪವನ್ನು ಹಾಗೆಯೇ ಉಳಿಸಬೇಕೆಂದು ವಿಧಿಸುವ 307 ಮತ್ತು 308 ಎಂಬ ಸಂಕೇತಗಳು ಅನಂತರ ಬಂದವು. 301ನ್ನು ಬ್ರೌಸರುಗಳು ನೆನಪಿಟ್ಟುಕೊಂಡು ಮುಂದಿನ ಬಾರಿ ಸರ್ವರನ್ನು ಕೇಳದೆಯೇ ಹೊಸ ವಿಳಾಸಕ್ಕೆ ನೆಗೆಯುತ್ತವೆ. ತಪ್ಪು ಗುರಿಯ 301ನ್ನು ಒಂದು ಗಂಟೆ ಬಿಟ್ಟಿದ್ದರೂ ಆ ಅವಧಿಯಲ್ಲಿ ಬಂದವರ ಬ್ರೌಸರಿನಿಂದ ಅದನ್ನು ಸರ್ವರ್ ಕಡೆಯಿಂದ ಅಳಿಸಲು ದಾರಿಯಿಲ್ಲ. ಅನುಭವಿಗಳು ಮೊದಲು 302 ಹಾಕಿ ಪರೀಕ್ಷಿಸಿ, ಎಲ್ಲವೂ ಸರಿಯೆಂದು ಖಚಿತವಾದ ಮೇಲೆ ಮಾತ್ರ ಅದನ್ನು 301ಕ್ಕೆ ಬದಲಿಸುವುದು ಈ ಕಾರಣಕ್ಕೆ.

ನಿಯಮವೊಂದು ಎಲ್ಲ ಸಂದರ್ಭಕ್ಕೂ ಅನ್ವಯವಾಗಬಾರದೆಂದಾದರೆ ಅದರ ಮೇಲೆ ರೀರೈಟ್‌ಕಂಡ್ ಎಂಬ ಷರತ್ತಿನ ಸಾಲನ್ನು ಬರೆಯಲಾಗುತ್ತದೆ. ವರ್ಡ್‌ಪ್ರೆಸ್ ಮುಂತಾದ ತಂತ್ರಾಂಶಗಳು ಬಳಸುವ ಪ್ರಸಿದ್ಧ ಷರತ್ತುಗಳು ಎರಡು: ಕೇಳಿದ ಹೆಸರಿನ ಫೈಲು ನಿಜವಾಗಿ ಇಲ್ಲದಿದ್ದರೆ, ಆ ಹೆಸರಿನ ಫೋಲ್ಡರೂ ಇಲ್ಲದಿದ್ದರೆ, ಆಗ ಮಾತ್ರ ಕೋರಿಕೆಯನ್ನು ಇಂಡೆಕ್ಸ್ ಪ್ರೋಗ್ರಾಮಿಗೆ ಒಪ್ಪಿಸಬೇಕು. ಇದರಿಂದ ಚಿತ್ರಗಳೂ ವಿನ್ಯಾಸದ ಫೈಲುಗಳೂ ನೇರವಾಗಿ ಹೋಗುತ್ತವೆ, ಲೇಖನದ ವಿಳಾಸಗಳು ಮಾತ್ರ ಪ್ರೋಗ್ರಾಮಿನ ಕೈಗೆ ಬರುತ್ತವೆ. ಷರತ್ತು ತನ್ನ ಕೆಳಗಿನ ಒಂದೇ ಒಂದು ನಿಯಮಕ್ಕೆ ಅನ್ವಯಿಸುತ್ತದೆಯೇ ಹೊರತು ಆಮೇಲಿನವುಗಳಿಗಲ್ಲ. ಜೊತೆಗೆ, ಮೇಲೆ ಬರೆದಿದ್ದರೂ ಅದರ ಪರಿಶೀಲನೆ ನಡೆಯುವುದು ಕೆಳಗಿನ ನಿಯಮದ ಮಾದರಿ ಹೊಂದಿದ ಮೇಲೆ. ಇನ್ನೊಂದು ಸಂಗತಿಯನ್ನು ಕೈಪಿಡಿ ಓದದವರು ಊಹಿಸುವುದೇ ಇಲ್ಲ: ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ನಿಯಮದ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಹಳೆಯ 'ಐಡಿ=482' ರೀತಿಯ ವಿಳಾಸವನ್ನು ಹೊಸದಕ್ಕೆ ಕಳಿಸಬೇಕಾದರೆ ಆ ಭಾಗವನ್ನು ಷರತ್ತಿನ ಸಾಲಿನಲ್ಲಿ ಬೇರೆಯಾಗಿ ಪರೀಕ್ಷಿಸಬೇಕು, ಮತ್ತು ಅದು ಹೊಸ ವಿಳಾಸದ ಬಾಲಕ್ಕೂ ಅಂಟಿಕೊಂಡು ಬರದಂತೆ ಬೇರೆ ಫ್ಲ್ಯಾಗ್ ಹಾಕಿ ತಡೆಯಬೇಕು.

ನಿಯಮಗಳನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆ, ಹೇಗೆ ಬರೆಯಬೇಕೆಂಬ ಪ್ರಶ್ನೆಯಷ್ಟೇ ಮುಖ್ಯ. ಸರ್ವರಿನ ಮುಖ್ಯ ಕಾನ್ಫಿಗರೇಷನ್ ಫೈಲಿಗೆ ಕೈ ಹಾಕುವ ಅಧಿಕಾರ ಹಂಚಿಕೆಯ ಹೋಸ್ಟಿಂಗ್ ಪಡೆದವರಿಗೆ ಇರುವುದಿಲ್ಲ. ಅಂಥವರಿಗಾಗಿ ಅಪಾಚೆಯಲ್ಲಿ, ಚುಕ್ಕಿಯಿಂದ ಹೆಸರು ಆರಂಭವಾಗುವ .ಎಚ್‌ಟಿಆಕ್ಸೆಸ್ ಎಂಬ ಫೈಲನ್ನು ಆಯಾ ಫೋಲ್ಡರಿನಲ್ಲಿಯೇ ಇಡುವ ಸೌಲಭ್ಯವಿದೆ. ಅನುಕೂಲ ದೊಡ್ಡದು, ಅದರ ಬೆಲೆಯೂ ದೊಡ್ಡದು. ಯಾವ ಫೋಲ್ಡರಿನ ನಿಯಮಗಳನ್ನು ಓದಬೇಕೆಂದು ತಿಳಿಯಬೇಕಾದರೆ ಸರ್ವರು ಅಷ್ಟರಲ್ಲಿ ವಿಳಾಸವನ್ನು ಫೈಲಿನ ದಾರಿಯಾಗಿ ಪರಿವರ್ತಿಸಿ ಮುಗಿಸಿರಬೇಕು. ಅಂದರೆ ವಿಳಾಸವನ್ನು ಬದಲಿಸುವ ನಿಯಮಗಳು ಕೈಗೆ ಸಿಗುವ ಹೊತ್ತಿಗೆ ವಿಳಾಸವೇ ಇಲ್ಲ, ಫೈಲಿನ ದಾರಿ ಮಾತ್ರ ಇದೆ. ಮಾಡ್-ರೀರೈಟ್ ಇದನ್ನು ಹಿಂದುಮುಂದಾಗಿ ನಿಭಾಯಿಸುತ್ತದೆ: ಫೋಲ್ಡರಿನ ಭಾಗವನ್ನು ಕಿತ್ತು ಉಳಿದದ್ದನ್ನು ಮಾದರಿಗೆ ಒಪ್ಪಿಸಿ, ಬದಲಾದ ಫಲಿತಾಂಶವನ್ನು ಮತ್ತೆ ವಿಳಾಸವಾಗಿಸಿ, ಹೊಸ ಕೋರಿಕೆಯೆಂಬಂತೆ ಮೊದಲಿನಿಂದ ಓಡಿಸುತ್ತದೆ. ಮುಖ್ಯ ಫೈಲಿನಲ್ಲಿ ಓರೆಗೆರೆಯಿಂದ ಆರಂಭವಾಗುವ ಮಾದರಿ, .ಎಚ್‌ಟಿಆಕ್ಸೆಸ್‌ನಲ್ಲಿ ಓರೆಗೆರೆಯಿಲ್ಲದೆ ಆರಂಭವಾಗಬೇಕಾದದ್ದು ಇದರಿಂದಲೇ. ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದ ನಿಯಮ ಇನ್ನೊಂದು ಕಡೆ ನಕಲು ಮಾಡಿದಾಗ ಸದ್ದಿಲ್ಲದೆ ನಿಷ್ಕ್ರಿಯವಾಗುವುದೂ ಇದರಿಂದಲೇ.

ಮೊದಲಿನಿಂದ ಓಡುವುದರ ಇನ್ನೊಂದು ಪರಿಣಾಮ ಸುತ್ತುಸುಳಿ. 'ಎಲ್' ಫ್ಲ್ಯಾಗ್ ಎಂದರೆ ಇದೇ ಕೊನೆಯ ನಿಯಮ ಎಂದು ಎಲ್ಲರೂ ಓದಿಕೊಂಡಿರುತ್ತಾರೆ, ಆದರೆ ಅದು ಕೊನೆಗೊಳಿಸುವುದು ಆ ಸುತ್ತನ್ನು ಮಾತ್ರ; ಬದಲಾದ ವಿಳಾಸ ಮತ್ತೆ ಅದೇ ಫೋಲ್ಡರಿಗೆ ಬಂದರೆ ಅದೇ ನಿಯಮಗಳು ಮತ್ತೆ ಓಡುತ್ತವೆ. ಎಲ್ಲ ಕೋರಿಕೆಗಳನ್ನೂ 'ಹೊಸದು' ಎಂಬ ಫೋಲ್ಡರಿಗೆ ಕಳಿಸುವ ನಿಯಮ ಹೊಸದು/ಹೊಸದು/ಹೊಸದು ಎಂದು ಬೆಳೆಸುತ್ತ ಹೋಗಿ, ಅಪಾಚೆಯಲ್ಲಿ ಸಾಮಾನ್ಯವಾಗಿ 10 ಸುತ್ತುಗಳಿಗೆ ನಿಗದಿಯಾಗಿರುವ ಮಿತಿಯನ್ನು ಮುಟ್ಟಿ, 500 ಸಂಖ್ಯೆಯ ದೋಷವಾಗಿ ಓದುಗರ ಮುಂದೆ ಬೀಳುತ್ತದೆ. ಅಪಾಚೆ 2.4ರಲ್ಲಿ ಲಭ್ಯವಿರುವ 'ಎಂಡ್' ಎಂಬ ಫ್ಲ್ಯಾಗ್ ನಿಜವಾಗಿಯೂ ಅಲ್ಲಿಗೇ ನಿಲ್ಲಿಸುತ್ತದೆ. ಅದೇ 2.4ರಲ್ಲಿ .ಎಚ್‌ಟಿಆಕ್ಸೆಸ್ ಫೈಲುಗಳನ್ನು ಓದುವ ಸೌಲಭ್ಯವನ್ನು ಸ್ಪಷ್ಟವಾಗಿ ತೆರೆಯದಿದ್ದರೆ ಅವನ್ನು ನೋಡುವುದೇ ಇಲ್ಲವೆಂಬ ನೀತಿಯೂ ಜಾರಿಗೆ ಬಂತು. ರಷ್ಯಾದ ಈಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್-ಎಕ್ಸ್ ಸರ್ವರಿನಲ್ಲಂತೂ ಫೋಲ್ಡರಿಗೊಂದು ನಿಯಮದ ಫೈಲೆಂಬ ವ್ಯವಸ್ಥೆಯೇ ಇಲ್ಲ. ಪ್ರತಿ ಕೋರಿಕೆಗೂ ದಾರಿಯಲ್ಲಿನ ಎಲ್ಲ ಫೋಲ್ಡರುಗಳಲ್ಲಿ ಅಂಥ ಫೈಲು ಇದೆಯೇ ಎಂದು ಇಣುಕಿ ನೋಡುವ ವೆಚ್ಚವೂ ಅಲ್ಲಿಲ್ಲ.

ಕನ್ನಡದ ವಿಳಾಸಗಳು ಬಂದಾಗ ಈ ಚಿತ್ರ ಇನ್ನಷ್ಟು ಗೋಜಲಾಗುತ್ತದೆ. ವಿಳಾಸಗಳ ಶಿಷ್ಟತೆ ರೂಪುಗೊಂಡದ್ದು ರೋಮನ್ ಲಿಪಿಯ ಸೀಮಿತ ಅಕ್ಷರಗಳ ಮೇಲೆ. ಉಳಿದ ಲಿಪಿಗಳು ಅದರೊಳಗೆ ಶೇಕಡಾ ಚಿಹ್ನೆಯ ವೇಷದಲ್ಲಿ ಮಾತ್ರ ಪ್ರಯಾಣಿಸಬಲ್ಲವು. ಯೂನಿಕೋಡ್ ಅಕ್ಷರಗಳನ್ನು ಸಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಷ್ಟು ಜಾಗ ಹಿಡಿಯುತ್ತದೆ, ಪ್ರತಿ ಬೈಟೂ ವಿಳಾಸದಲ್ಲಿ ಒಂದು ಶೇಕಡಾ ಚಿಹ್ನೆ ಮತ್ತು ಹದಿನಾರರ ಮಾನದ ಎರಡು ಅಂಕೆಗಳಾಗಿ ಹರಡಿಕೊಳ್ಳುತ್ತದೆ. 'ಕ' ಎಂಬ ಒಂದಕ್ಷರ '%ಇ0%ಬಿ2%95' ಆಗುತ್ತದೆ. ಕ, ನ, ವಿರಾಮ (ಅರ್ಧಾಕ್ಷರದ ಚಿಹ್ನೆ), ನ, ಡ ಎಂಬ ಐದು ಸಂಕೇತಗಳ 'ಕನ್ನಡ' ಎಂಬ ಪದ ತಂತಿಯ ಮೇಲೆ 45 ಚಿಹ್ನೆಗಳಷ್ಟು ಉದ್ದವಿರುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದವರೆಲ್ಲ ಈ ಶೇಕಡಾ ಸಾಲನ್ನು ಕಂಡಿರುತ್ತಾರೆ. ಆ ತಾಣದಲ್ಲಿ ಓದುಗರಿಗೆ ಕಾಣುವ 'ವಿಕಿ/ಶೀರ್ಷಿಕೆ' ರೂಪದ ಚಿಕ್ಕ ವಿಳಾಸದ ಹಿಂದೆಯೂ ಶೀರ್ಷಿಕೆಯನ್ನು ಇಂಡೆಕ್ಸ್ ಪ್ರೋಗ್ರಾಮಿಗೆ ಒಪ್ಪಿಸುವ ಮರುಬರಹವೇ ಇದೆ.

ಉದ್ದದ ಕಾಟ ಕೇವಲ ಕಣ್ಣಿಗಲ್ಲ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ತಯಾರಿಸುವ ವಿಳಾಸದ ತುಂಡನ್ನು ಶೇಕಡಾ ರೂಪದಲ್ಲಿಯೇ ಉಳಿಸಿಕೊಳ್ಳುತ್ತದೆ, ಅದಕ್ಕೆ ಇರುವ ಜಾಗ 200 ಚಿಹ್ನೆಗಳು. ಒಂಬತ್ತರಿಂದ ಭಾಗಿಸಿದರೆ ಕನ್ನಡಕ್ಕೆ ಸಿಗುವುದು 22 ಸಂಕೇತ. ಒತ್ತಕ್ಷರ, ಗುಣಿತದ ಚಿಹ್ನೆಗಳೂ ಈ ಲೆಕ್ಕದಲ್ಲಿಯೇ ಬರುತ್ತವೆ. 'ಕರ್ನಾಟಕದ ಕೆರೆಗಳ ಪುನರುಜ್ಜೀವನ' ಎಂಬ ಶೀರ್ಷಿಕೆ ಕೊಟ್ಟರೆ ವಿಳಾಸ 'ಕರ್ನಾಟಕದ-ಕೆರೆಗಳ-ಪುನರುಜ್ಜ' ಎಂಬಲ್ಲಿ ತುಂಡಾಗುತ್ತದೆ.

ಸರ್ವರಿನ ಒಳಗೆ ಇದೇ ಕನ್ನಡ ಎರಡು ಅವತಾರಗಳಲ್ಲಿ ಓಡಾಡುತ್ತದೆ. ಅಪಾಚೆಯಲ್ಲಿ ನಿಯಮದ ಮಾದರಿಗೆ ಸಿಗುವ ದಾರಿ ಶೇಕಡಾ ವೇಷ ಕಳಚಿದ್ದು, ಆದ್ದರಿಂದ ಮಾದರಿಯಲ್ಲಿ ನೇರವಾಗಿ ಕನ್ನಡದಲ್ಲಿಯೇ 'ಲೇಖನ' ಎಂದು ಬರೆದು ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಸಾಕು. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವಾದರೋ ವೇಷ ಕಳಚದೆ ಹಾಗೆಯೇ ಬರುತ್ತದೆ. ಇದನ್ನರಿಯದೆ ಬ್ರೌಸರಿನ ಮೇಲ್ಪಟ್ಟಿಯಿಂದ ಶೇಕಡಾ ಸಾಲನ್ನು ನಕಲು ಮಾಡಿ ರೀಡೈರೆಕ್ಟ್ ನಿಯಮದ ಗುರಿಯಲ್ಲಿ ಅಂಟಿಸುವುದು ಕನ್ನಡ ತಾಣಗಳ ನಿರ್ವಾಹಕರಲ್ಲಿ ಸಹಜವಾಗಿ ಆಗುವ ಎಡವಟ್ಟು. ಗುರಿಯಲ್ಲಿ ಶೇಕಡಾ ಚಿಹ್ನೆಯ ಮುಂದೆ 0ರಿಂದ 9ರ ಅಂಕಿ ಬಂದರೆ ಮಾಡ್-ರೀರೈಟ್ ಅದನ್ನು, ಷರತ್ತಿನ ಸಾಲಿನಲ್ಲಿ ಎತ್ತಿಟ್ಟುಕೊಂಡ ತುಣುಕನ್ನು ತರುವ ಸೂಚನೆಯೆಂದು ಓದುತ್ತದೆ. 'ಕ' ಅಕ್ಷರದ ಕೊನೆಯ '%95' ಹೀಗೆ ಒಂಬತ್ತನೆಯ ತುಣುಕು ಮತ್ತು ಅದರ ಮುಂದೆ 5 ಎಂದಾಗಿ, ಅಂಥ ತುಣುಕು ಇಲ್ಲದ್ದರಿಂದ ಬರಿಯ 5 ಉಳಿಯುತ್ತದೆ. ವಿರಾಮ ಚಿಹ್ನೆಯ '%8ಡಿ' ಬರಿಯ 'ಡಿ' ಆಗುತ್ತದೆ. 'ನ'ದ ಕೊನೆ '%ಎ8', 'ಡ'ದ ಕೊನೆ '%ಎ1' ಆದ್ದರಿಂದ ಅವೆರಡಕ್ಕೂ ಈ ಗಂಡಾಂತರವಿಲ್ಲ. 'ಕನ್ನಡ'ದ ಐದು ಸಂಕೇತಗಳಲ್ಲಿ ಎರಡು ಮುರಿದು ಮೂರು ಪಾರಾಗುತ್ತವೆ. ಪಾರಾದವುಗಳ ಶೇಕಡಾ ಚಿಹ್ನೆಯನ್ನೂ ರೀಡೈರೆಕ್ಟಿನ ಕೊನೆಯ ಹಂತದಲ್ಲಿ ಸರ್ವರು ಮತ್ತೊಮ್ಮೆ ವೇಷ ಹಾಕಿ '%25' ಮಾಡಿಬಿಡುತ್ತದೆ. ಗುರಿಯನ್ನೂ ನೇರ ಕನ್ನಡದಲ್ಲಿಯೇ ಬರೆದರೆ ಎರಡೂ ತೊಂದರೆ ಇಲ್ಲ, ವೇಷ ಹಾಕುವ ಕೆಲಸವನ್ನು ಸರ್ವರು ಒಮ್ಮೆ ಮಾತ್ರ ಮಾಡುತ್ತದೆ.

ಮಾದರಿಯಲ್ಲಿ ಕನ್ನಡವನ್ನು ಬರೆಯಬಹುದೆಂದ ಮಾತ್ರಕ್ಕೆ ಸರ್ವರಿಗೆ ಕನ್ನಡ ಗೊತ್ತು ಎಂದುಕೊಳ್ಳುವಂತಿಲ್ಲ. ಅಪಾಚೆಯ ರೆಜೆಕ್ಸ್ ಪೂರ್ವನಿಯೋಜಿತವಾಗಿ ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುತ್ತದೆ. ಯಾವುದಾದರೂ ಒಂದು ಅಕ್ಷರವೆಂದು ಸೂಚಿಸುವ ಚುಕ್ಕಿ ಚಿಹ್ನೆ ಕನ್ನಡದ ಸಂಕೇತವೊಂದರ ಮೂರನೆಯ ಒಂದು ಭಾಗವನ್ನಷ್ಟೇ ನುಂಗುತ್ತದೆ. ಊರಿನ ಹೆಸರುಗಳನ್ನು ಹಿಡಿಯಲೆಂದು [ಅ-ಹ]+ ಎಂದು ಬರೆದರೆ ಸರ್ವರಿಗೆ ಅದು 85ರಿಂದ ಇ0ವರೆಗಿನ ಬೈಟುಗಳ ವ್ಯಾಪ್ತಿಯಾಗಿ ಕಾಣುತ್ತದೆ. ಹಾಸನ, ಗದಗ ಈ ಜಾಲರಿಯಲ್ಲಿ ಪೂರ್ತಿಯಾಗಿ ಹಿಡಿಸುತ್ತವೆ. ಬೀದರ್, ಮೈಸೂರು ಹಿಡಿಸುವುದಿಲ್ಲ, ಏಕೆಂದರೆ ದೀರ್ಘ ಈಕಾರ, ಉಕಾರ, ಊಕಾರಗಳ ಚಿಹ್ನೆಗಳ ಕೊನೆಯ ಬೈಟುಗಳಾದ 80, 81, 82 ಆ ವ್ಯಾಪ್ತಿಯ ಕೆಳಗೆ ಬೀಳುತ್ತವೆ. ಪರೀಕ್ಷೆಗೆಂದು ಹಾಸನವನ್ನು ಮಾತ್ರ ಕೊಟ್ಟು ನೋಡಿದವರಿಗೆ ನಿಯಮ ಸರಿಯಿದೆಯೆಂದೇ ತೋರುತ್ತದೆ. ಓರೆಗೆರೆಯನ್ನು ಬಿಟ್ಟು ಉಳಿದದ್ದೆಲ್ಲ ಎಂಬರ್ಥದ [^/]+ ಮಾದರಿಯನ್ನು ಬಳಸಿ, ಹೆಸರು ನಿಜವೋ ಅಲ್ಲವೋ ಎಂಬ ತೀರ್ಮಾನವನ್ನು ಒಳಗಿನ ಪ್ರೋಗ್ರಾಮಿಗೆ ಬಿಡುವುದೇ ಜಾಣತನ.

ಕಣ್ಣಿಗೆ ಒಂದೇ ಆಗಿ ಕಂಡು ಬೈಟಿನಲ್ಲಿ ಬೇರೆಯಾಗುವ ಪದಗಳೂ ಇವೆ. 'ಕೊಡಗು' ಎಂಬಲ್ಲಿನ ಒಕಾರದ ಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಇರಬಹುದು. ಆ್ಯಪಲ್‌ನ ಹಳೆಯ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಉಳಿಸುತ್ತಿತ್ತು. ಪದದ ನಡುವೆ ಅಗೋಚರವಾಗಿ ಕೂರುವ ಶೂನ್ಯ ಅಗಲದ ಬೇರ್ಪಡಿಕೆಯ ಸಂಕೇತವೂ ಅಷ್ಟೆ: ಒತ್ತಕ್ಷರವಾಗದಂತೆ ತಡೆಯಲು ಕನ್ನಡ ಬರವಣಿಗೆ ಅದನ್ನು ನಿತ್ಯ ಬಳಸುತ್ತದೆ, ವಿಳಾಸದಲ್ಲಿ ಅದು '%ಇ2%80%8ಸಿ' ಎಂಬ ಒಂಬತ್ತು ಚಿಹ್ನೆಗಳಾಗಿ ಪ್ರಕಟವಾಗುತ್ತದೆ. ಇಂಥ ಭೇದವನ್ನು ಮರುಬರಹದ ನಿಯಮದಿಂದ ಸರಿಪಡಿಸಹೊರಡುವುದು ವ್ಯರ್ಥ. ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿ ಮಾಡುವಂತೆ ಪ್ರೋಗ್ರಾಮಿನ ಒಳಗೆಯೇ ಯೂನಿಕೋಡ್ ರೂಪವನ್ನು ಏಕೀಕರಿಸಿಕೊಳ್ಳಬೇಕು. ಇನ್ನು ಸರ್ವರಿನ ಹೆಸರೇ .ಭಾರತ ಎಂಬ ಕನ್ನಡ ಕೊನೆಯ ಡೊಮೇನಿನಲ್ಲಿದ್ದರೆ, ಆ ಭಾಗಕ್ಕೆ ಶೇಕಡಾ ವೇಷವೂ ಅಲ್ಲ, 2003ರಲ್ಲಿ ಶಿಷ್ಟಗೊಂಡ ಪ್ಯೂನಿಕೋಡ್ ಎಂಬ ಬೇರೆಯೇ ವೇಷ. ಹೋಸ್ಟ್ ಹೆಸರನ್ನು ಪರೀಕ್ಷಿಸುವ ಷರತ್ತಿನಲ್ಲಿ ಕನ್ನಡದಲ್ಲಿ ಬರೆದದ್ದು ಎಂದೂ ಹೊಂದುವುದಿಲ್ಲ.

ಹೆಸರನ್ನೂ ದಾರಿಯನ್ನೂ ಒಂದೆಂದು ಭಾವಿಸುವುದು ಕೆಲವೊಮ್ಮೆ ಅನಾನುಕೂಲದ ಹಂತವನ್ನು ದಾಟಿ ಅಪಾಯವಾಗುತ್ತದೆ. 2011ರಲ್ಲಿ ಬೆಳಕಿಗೆ ಬಂದ ದೋಷವೊಂದರಲ್ಲಿ, ಕೋರಿಕೆಗಳನ್ನು ಒಳಗಿನ ಇನ್ನೊಂದು ಸರ್ವರಿಗೆ ದಾಟಿಸುವ ನಿಯಮದ ಗುರಿಯಲ್ಲಿ ಸರ್ವರಿನ ಹೆಸರು ಮತ್ತು ಡಾಲರ್ 1ರ ನಡುವೆ ಓರೆಗೆರೆ ಇಲ್ಲದಿದ್ದರೆ, @ ಚಿಹ್ನೆಯಿಂದ ಆರಂಭವಾಗುವ ಕೋರಿಕೆ ಕಳಿಸಿ ದಾಳಿಕಾರರು ಬೇರೆ ಯಾವುದೋ ಒಳ ಸರ್ವರನ್ನು ತಲುಪಬಹುದಾಗಿತ್ತು. ಜಾಲವಿಳಾಸದಲ್ಲಿ @ ಚಿಹ್ನೆಗೆ ಮುಂಚಿನದು ಬಳಕೆದಾರರ ಹೆಸರೆಂದೂ ನಂತರದ್ದು ಸರ್ವರಿನ ಹೆಸರೆಂದೂ ಓದುವ ನಿಯಮವಿರುವುದೇ ಅದಕ್ಕೆ ಕಾರಣ. ಒಂದೇ ಒಂದು ಓರೆಗೆರೆ ಸೇರಿಸಿದರೆ ಬಾಗಿಲು ಮುಚ್ಚುತ್ತಿತ್ತು.

ಇದಕ್ಕಿಂತ ಆಳದ ದೋಷಗಳನ್ನು ತೈವಾನಿನ ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ 2024ರಲ್ಲಿ ತೋರಿಸಿಕೊಟ್ಟರು. ಅಪಾಚೆಯ ಒಳಗೆ ಕೋರಿಕೆಯ ಹೆಸರನ್ನು ಹೊತ್ತು ಘಟಕದಿಂದ ಘಟಕಕ್ಕೆ ಹೋಗುವ ಅದೇ ಒಂದು ಅಂಶವನ್ನು ಕೆಲವು ಘಟಕಗಳು ಫೈಲಿನ ದಾರಿಯೆಂದೂ ಕೆಲವು ಜಾಲವಿಳಾಸವೆಂದೂ ಓದುತ್ತವೆ. ಬಳಕೆದಾರರ ಹೆಸರನ್ನು ತೆಗೆದುಕೊಂಡು ಅವರ ಫೋಲ್ಡರಿನಲ್ಲಿರುವ ನಿರ್ದಿಷ್ಟ ಪರಿಚಯ ಫೈಲನ್ನು ಮಾತ್ರ ಕೊಡುವ ನಿಯಮವಿದೆಯೆನ್ನೋಣ. ಹೆಸರಿನ ಜೊತೆಗೆ ಗುಟ್ಟಿನ ಫೈಲೊಂದರ ಹೆಸರನ್ನೂ ಕೊನೆಯಲ್ಲಿ ವೇಷ ಹಾಕಿದ ಪ್ರಶ್ನಾರ್ಥಕ ಚಿಹ್ನೆಯನ್ನೂ ಸೇರಿಸಿ ಕಳಿಸಿದರೆ, ಮಾದರಿ ಅದನ್ನು ಹೆಸರೆಂದೇ ಒಪ್ಪುತ್ತದೆ, ಗುರಿಯನ್ನು ವಿಳಾಸದಂತೆ ಓದುವ ಹಂತದಲ್ಲಿ ಪ್ರಶ್ನಾರ್ಥಕದ ನಂತರದ್ದೆಲ್ಲ ಕತ್ತರಿಸಿ ಹೋಗುತ್ತದೆ, ಉಳಿದ ದಾರಿ ಗುಟ್ಟಿನ ಫೈಲಿಗೇ ಕರೆದೊಯ್ಯುತ್ತದೆ. 1996ರಿಂದ ಬೆಳೆದು ಬಂದ ವಿನ್ಯಾಸದ ಈ ಇಬ್ಬಂದಿತನವನ್ನು 2024ರ ಜುಲೈನಲ್ಲಿ ಬಂದ 2.4.60 ಆವೃತ್ತಿ ಬಿಗಿಗೊಳಿಸಿದಾಗ ಕೆಲವು ಹಳೆಯ ನಿಯಮಗಳು ನಿಂತುಹೋದವು. ಅವನ್ನು ಹಾಗೆಯೇ ನಡೆಸಬೇಕೆನ್ನುವವರಿಗಾಗಿ ಅಪಾಚೆ ಕೊಟ್ಟ ಹೊಸ ಫ್ಲ್ಯಾಗುಗಳ ಹೆಸರು 'ಅನ್‌ಸೇಫ್' ಎಂದೇ ಆರಂಭವಾಗುತ್ತದೆ. ತಂತ್ರಾಂಶ ಲೋಕದಲ್ಲಿ ಇಷ್ಟು ನೇರವಾದ ನಾಮಕರಣ ಅಪರೂಪ.

ಆದ್ದರಿಂದ ಮರುಬರಹದ ನಿಯಮಗಳನ್ನು ಎಷ್ಟು ಕಡಿಮೆ ಬರೆದರೆ ಅಷ್ಟು ಕ್ಷೇಮ. ಮಾಡ್-ರೀರೈಟನ್ನು ಯಾವಾಗ ಬಳಸಬಾರದು ಎಂಬುದಕ್ಕೇ ಅಪಾಚೆಯ ಕೈಪಿಡಿ ಒಂದು ಪುಟವನ್ನು ಮೀಸಲಿಟ್ಟಿದೆ. ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವುದಕ್ಕೆ 'ರೀಡೈರೆಕ್ಟ್' ಎಂಬ ಸರಳ ಆದೇಶ ಸಾಕು. ಇಲ್ಲದ ಫೈಲುಗಳ ಕೋರಿಕೆಯನ್ನು ಪ್ರೋಗ್ರಾಮಿಗೆ ಒಪ್ಪಿಸಲು ಅಪಾಚೆಯಲ್ಲಿ 'ಫಾಲ್‌ಬ್ಯಾಕ್‌ರಿಸೋರ್ಸ್', ಎಂಜಿನ್-ಎಕ್ಸ್‌ನಲ್ಲಿ 'ಟ್ರೈ-ಫೈಲ್ಸ್' ಒಂದೇ ಸಾಲಿನಲ್ಲಿ ಅದೇ ಕೆಲಸ ಮಾಡುತ್ತವೆ. ಸಾವಿರಾರು ಹಳೆಯ ಲೇಖನಗಳ ಸಂಖ್ಯೆಗಳನ್ನು ಹೊಸ ಕನ್ನಡ ಹೆಸರುಗಳಿಗೆ ಹೊಂದಿಸಬೇಕಾದ ಪತ್ರಿಕೆಯ ತಾಣದಲ್ಲಿ ಸಾವಿರಾರು ನಿಯಮ ಬರೆಯುವ ಬದಲು, ಎಡಕ್ಕೆ ಹಳೆಯದು ಬಲಕ್ಕೆ ಹೊಸದು ಎಂಬ ಎರಡು ಕಂಬಸಾಲಿನ ಪಟ್ಟಿಯನ್ನು ಬೇರೆ ಫೈಲಿನಲ್ಲಿಟ್ಟು 'ರೀರೈಟ್‌ಮ್ಯಾಪ್' ಮೂಲಕ ಒಂದೇ ನಿಯಮದಿಂದ ಅದನ್ನು ಓದಿಸಬಹುದು, ಈ ಆದೇಶವನ್ನು .ಎಚ್‌ಟಿಆಕ್ಸೆಸ್‌ನಲ್ಲಿ ಘೋಷಿಸಲು ಬಾರದು ಎಂಬುದಷ್ಟೇ ಅದರ ತೊಡಕು.

ತಾಣವನ್ನು ಬದಲಿಸುವ ಮುನ್ನ ಹಳೆಯ ಸರ್ವರಿನ ಲಾಗ್ ಫೈಲನ್ನು, ಅಂದರೆ ಯಾವ ವಿಳಾಸವನ್ನು ಯಾವಾಗ ಕೇಳಲಾಯಿತೆಂಬ ದಿನಚರಿಯನ್ನು, ಕಾಪಾಡಿಕೊಳ್ಳಬೇಕು. ಜನ ನಿಜವಾಗಿ ಕೇಳುತ್ತಿದ್ದ ವಿಳಾಸಗಳ ಪಟ್ಟಿ ಸಿಗುವುದು ಅಲ್ಲಿಯೇ. ಆ ಪಟ್ಟಿಯನ್ನು 'ಕರ್ಲ್' ಎಂಬ ಚಿಕ್ಕ ಸಾಧನದಿಂದ ಹೊಸ ಸರ್ವರಿಗೆ ಒಂದೊಂದಾಗಿ ಕೇಳಿಸಿ, ಉತ್ತರದ ಸಂಖ್ಯೆಯನ್ನೂ ಹೊಸ ವಿಳಾಸದ ಸಾಲನ್ನೂ ಪಕ್ಕದಲ್ಲಿ ಬರೆಸಿಕೊಂಡರೆ, ಎರಡು ಮೂರು ಬಾರಿ ನೆಗೆದು ಗುರಿ ಮುಟ್ಟುವವು ಯಾವುವು, ಮುಟ್ಟದವು ಯಾವುವು ಎಂದು ತಿಳಿಯುತ್ತದೆ. ಕಾರಣ ಕಾಣದಾಗ ಮಾಡ್-ರೀರೈಟಿನ 'ಟ್ರೇಸ್' ಮಟ್ಟದ ಲಾಗ್ ತೆರೆದು, ಯಾವ ಮಾದರಿ ಯಾವ ಪಠ್ಯದೊಂದಿಗೆ ಹೋಲಿಸಲ್ಪಟ್ಟಿತೆಂಬುದನ್ನು ಸಾಲುಸಾಲಾಗಿ ಓದಬಹುದು. ಅದು ಸರ್ವರನ್ನು ನಿಧಾನಗೊಳಿಸುವುದರಿಂದ ಕೆಲಸ ಮುಗಿದೊಡನೆ ಮುಚ್ಚಬೇಕು. ಹೊಸ ತಾಣದಲ್ಲಿ ಜಾಗವೇ ಇಲ್ಲದ ಹಳೆಯ ಪುಟಗಳನ್ನೆಲ್ಲ ಮುಖಪುಟಕ್ಕೆ ಅಟ್ಟುವ ಅಭ್ಯಾಸ ವ್ಯಾಪಕವಾಗಿದ್ದರೂ ಅದು ಓದುಗರನ್ನು ದಿಕ್ಕು ತಪ್ಪಿಸುತ್ತದೆ. ಅಂಥವುಗಳಿಗೆ, ಈ ಪುಟ ಇತ್ತು, ಈಗ ತೆಗೆಯಲಾಗಿದೆ ಎಂದು ನೇರವಾಗಿ ಹೇಳುವ 410 ಎಂಬ ಸಂಕೇತವೇ ಇದೆ, ಮಾಡ್-ರೀರೈಟ್‌ನಲ್ಲಿ ಅದಕ್ಕೆ 'ಜಿ' ಎಂಬ ಒಂದಕ್ಷರದ ಫ್ಲ್ಯಾಗ್.